ಶೆಟ್ಟರ ತಲೆಗೆ ಬಿದ್ದ ಕುಂಕುಮ

ಆ ವರ್ಷದ ಆಯುಧಪೂಜೆಯ ದಿನ ನನ್ನಷ್ಟು ಸಿಟ್ಟಿನಿಂದ ಮಂಗಳಾರತಿ ತೆಗೆದುಕೊಂಡವರು ಇಡೀ ಬಸವನಗುಡಿಯಲ್ಲಿ ಇನ್ನೊಬ್ಬರು ಇದ್ದಿರಲಾರರು. ನಮ್ಮ ಪುಟ್ಟ ಆಫೀಸು ಹಳೆಯ ಮನೆಯೊಂದರ ಮಹಡಿಯ ಮೇಲಿತ್ತು. ಕೆಳಗೆ ಮಾಲೀಕರ ಸಂಸಾರ, ಮೇಲೆ ನಮ್ಮ ಕಂಪ್ಯೂಟರುಗಳು. ಊಟದ ಹೊತ್ತು ಹತ್ತಿರ ಬಂದರೆ ಕೆಳಗಿನ ಇಂಗಿನ ಒಗ್ಗರಣೆ ಮೇಲಿನವರನ್ನು ಕೂರಗೊಡುತ್ತಿರಲಿಲ್ಲ. ಪುರೋಹಿತರು ಪ್ರತಿ ಮಾನಿಟರಿನ ಹಣೆಗೂ ಗಂಧ ಕುಂಕುಮ ಇಟ್ಟು, ಸೇವಂತಿಗೆ ಹಾರ ಹಾಕಿ, ಗೇಟಿನ ಹೊರಗೆ ಬೂದುಗುಂಬಳಕಾಯಿ ಒಡೆಸಿದರು. ಆಫೀಸಿನ ಯಜಮಾನರು ಎಲ್ಲರ ಕೈಗೂ ಪುರಿ ಕಡಲೆಯ ಪೊಟ್ಟಣ ಕೊಟ್ಟು, ಪೂಜೆಗೆ ಕೂತ ಆಯುಧವನ್ನು ನಾಳೆ ಬೆಳಿಗ್ಗೆಯವರೆಗೆ ಯಾರೂ ಮುಟ್ಟಕೂಡದು ಎಂದರು. ನನ್ನ ಕಂಪ್ಯೂಟರಿನೊಳಗೆ ಅರ್ಧ ಬಿಚ್ಚಿದ ಗಂಟೊಂದು ಹಾಗೇ ಉಳಿದಿತ್ತು. ಅದರ ಮೇಲೆ ಹೂವು ಬಿದ್ದದ್ದನ್ನು ನೋಡಿ ನನಗೆ ಅಳು ಬರುವುದೊಂದು ಬಾಕಿ.

ನಾನೂ ನನ್ನ ಸಹೋದ್ಯೋಗಿಯೂ ಸೇರಿ ಒಂದು ಕಂಪೈಲರ್ ಬರೆಯುತ್ತಿದ್ದೆವು. ಮನುಷ್ಯರು ಓದಬಲ್ಲ ಭಾಷೆಯಲ್ಲಿ ಬರೆದದ್ದನ್ನು ಯಂತ್ರ ನಡೆಸಬಲ್ಲ ಅಂಕಿಗಳನ್ನಾಗಿ ಮಾಡಿಕೊಡುವ ಪ್ರೋಗ್ರಾಮಿಗೆ ಕಂಪೈಲರ್ ಎನ್ನುತ್ತಾರೆ. ಹೊರದೇಶದ ಗಿರಾಕಿಯೊಬ್ಬರು ತಮ್ಮ ಹೊಸ ಚಿಪ್ಪಿಗೆ ಅದು ಬೇಕೆಂದಿದ್ದರು. ಅವರ ಎಂಜಿನಿಯರ್ ವಿಜಯದಶಮಿಯ ಮರುದಿನ ಬಂದು ಪರೀಕ್ಷೆ ಮಾಡುವವರಿದ್ದರು. ಪರೀಕ್ಷೆಯಲ್ಲಿ ಪಾಸಾದರೆ ಕಂಪೈಲರ್ ಕೆಲಸ ಮುಂದುವರಿಯುತ್ತದೆ, ಇಲ್ಲದಿದ್ದರೆ ನಿಮ್ಮಿಬ್ಬರನ್ನೂ ಎರಡು ಸಾವಿರದ ಇಸವಿಯ ಕೆಲಸಕ್ಕೆ ಹಾಕುವುದು ಬಿಟ್ಟು ನನಗೆ ಬೇರೆ ದಾರಿಯಿಲ್ಲ ಎಂದು ಯಜಮಾನರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಹಳೆಯ ಪ್ರೋಗ್ರಾಮುಗಳಲ್ಲಿ ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆದುಬಿಟ್ಟಿದ್ದರು. ಎರಡು ಸಾವಿರ ಬರುವುದರೊಳಗೆ ಅವನ್ನೆಲ್ಲ ಹುಡುಕಿ ನಾಲ್ಕು ಅಂಕಿ ಮಾಡುವ ಕೆಲಸ ಆಗ ಬೆಂಗಳೂರಿನ ತುಂಬ. ಮರ್ಯಾದೆಯ ಕೆಲಸವೇ, ಇಲ್ಲವೆನ್ನುವುದಿಲ್ಲ. ಆದರೆ ನನಗೆ ಅಕ್ಕಿಯಲ್ಲಿ ಕಲ್ಲು ಆರಿಸುವ ತಾಳ್ಮೆ ಹುಟ್ಟಿನಿಂದಲೇ ಇಲ್ಲ. ಕಂಪೈಲರ್ ಎಂದರೆ ಬೆಳಿಗ್ಗೆ ಹಲ್ಲುಜ್ಜುವಾಗಲೂ ನಗು ಬರಿಸುತ್ತಿದ್ದ ಕೆಲಸ.

ಗಂಟು ಯಾವುದೆಂದು ಹೇಳಿಬಿಡುತ್ತೇನೆ. ಸಿ ಪ್ಲಸ್ ಪ್ಲಸ್ ಎಂಬ ಭಾಷೆಯಲ್ಲಿ ಒಂದು ವಸ್ತುವನ್ನು ಒಳಗಿಟ್ಟುಕೊಂಡು ಇನ್ನೊಂದನ್ನು ಕಟ್ಟಬಹುದು. ಮೂಲ ಎಂಬುದೊಂದಿದೆ ಎನ್ನಿ. ಅದನ್ನು ಒಳಗಿಟ್ಟುಕೊಂಡು ಎಡ ಎಂಬುದನ್ನು ಕಟ್ಟಿದಿರಿ, ಬಲ ಎಂಬ ಇನ್ನೊಂದನ್ನೂ ಕಟ್ಟಿದಿರಿ. ಆಮೇಲೆ ಎಡ ಬಲ ಎರಡನ್ನೂ ಸೇರಿಸಿ ಒಟ್ಟು ಎಂಬ ನಾಲ್ಕನೆಯದನ್ನು ಕಟ್ಟಿದಿರಿ. ಈಗ ಒಟ್ಟಿನ ಹೊಟ್ಟೆಯಲ್ಲಿ ಮೂಲ ಎರಡಿರಬೇಕೋ, ಒಂದೋ? ಒಂದೇ ಸಾಕು, ಎಡವೂ ಬಲವೂ ಹಂಚಿಕೊಳ್ಳಲಿ ಎನ್ನುವುದಾದರೆ ‘ವರ್ಚುವಲ್’ ಎಂದು ಬರೆಯಬೇಕು. ಬರೆಯುವವರಿಗೆ ಅದು ಒಂದು ಪದ, ಕಂಪೈಲರಿಗೆ ಒಂದು ಇಡೀ ಸಂಸಾರ.

ಪ್ರತಿ ವಸ್ತುವೂ ಹುಟ್ಟುವಾಗ ತನ್ನನ್ನು ಸಜ್ಜು ಮಾಡಿಕೊಳ್ಳುವ ಕೋಡ್ ಒಂದು ಓಡುತ್ತದೆ. ಅದಕ್ಕೆ ಕನ್‌ಸ್ಟ್ರಕ್ಟರ್ ಎಂದು ಹೆಸರು. ಮೊದಲು ಮೂಲದ್ದು, ಆಮೇಲೆ ಎಡದ್ದು, ಆಮೇಲೆ ಬಲದ್ದು, ಕೊನೆಗೆ ಒಟ್ಟಿನದು. ಪಾಯ ಹಾಕದೆ ಗೋಡೆ ಏಳುವುದಿಲ್ಲವಲ್ಲ. ಶುರುವಿನಲ್ಲಿ ಎಡವೂ ಬಲವೂ ತಾವೇ ಮೂಲವನ್ನು ಕಟ್ಟಲು ಹೊರಟು, ಒಂದೇ ಪಾಯ ಎರಡು ಸಲ ಬೀಳುತ್ತಿತ್ತು. ಅದನ್ನು ನಾವು ಜಾಣತನದಿಂದ ಸರಿಮಾಡಿದ್ದೆವು. ಪ್ರತಿ ಕನ್‌ಸ್ಟ್ರಕ್ಟರಿಗೂ ಗುಟ್ಟಾಗಿ ಒಂದು ಮಾತು ಹೇಳಿ ಕಳಿಸುತ್ತಿದ್ದೆವು: ಎಲ್ಲರಿಗಿಂತ ಹೊರಗಿನದು ನೀನೇ ಆದರೆ ಮೂಲವನ್ನು ಕಟ್ಟು, ಇಲ್ಲವಾದರೆ ಸುಮ್ಮನಿರು. ಆ ದಿನ ನಾವಿಬ್ಬರೂ ಗಾಂಧಿ ಬಜಾರಿನಲ್ಲಿ ಮಸಾಲೆ ದೋಸೆ ತಿಂದು ಸಂಭ್ರಮಿಸಿದ್ದೆವು.

ದೋಸೆ ಅರಗುವ ಮೊದಲೇ ಎರಡನೆಯ ತೊಂದರೆ ಬಂತು. ಪರೀಕ್ಷೆಯ ಪ್ರೋಗ್ರಾಮಿನಲ್ಲಿ ಎಡದ ಕನ್‌ಸ್ಟ್ರಕ್ಟರ್ ಮೂಲದೊಳಗೆ ಏಳು ಎಂಬ ಅಂಕಿಯನ್ನು ಬರೆಯುತ್ತಿತ್ತು. ಬರೆದ ಕೂಡಲೇ ಅಲ್ಲೇ ನಿಂತು ಓದಿದರೆ ಏಳು ಎಂದೇ ಹೇಳುತ್ತಿತ್ತು. ಆದರೆ ಎಲ್ಲ ಕಟ್ಟಿ ಮುಗಿದ ಮೇಲೆ ಮೂಲವನ್ನು ಕೇಳಿದರೆ ಸೊನ್ನೆ. ಬರೆದದ್ದು ನಿಜ, ಓದಿದ್ದು ನಿಜ, ಏಳು ಮಾತ್ರ ಎಲ್ಲೂ ಇಲ್ಲ. ಬಲದೊಳಗೆ ಹುಡುಕಿದರೆ ಅಲ್ಲೂ ಎಲ್ಲ ನೆಟ್ಟಗೇ ಇತ್ತು. ದೆವ್ವ ಮೆಟ್ಟಿದ ಹಾಗಿತ್ತು ಆ ಪ್ರೋಗ್ರಾಮು.

ಆಯುಧಪೂಜೆಯ ಬೆಳಿಗ್ಗೆ, ಪುರೋಹಿತರು ಮೆಟ್ಟಿಲು ಹತ್ತುತ್ತಿರುವಾಗ, ಸಹೋದ್ಯೋಗಿ ಕತ್ತಲಲ್ಲಿ ಕಲ್ಲೊಂದನ್ನು ಎಸೆದಿದ್ದ. ಪ್ರತಿ ವಸ್ತುವಿನ ತಲೆಯ ಮೇಲೂ ಅದರ ನಕ್ಷೆಯೊಂದರ ವಿಳಾಸ ಇರುತ್ತದೆ. ಯಾವ ಕೆಲಸಕ್ಕೆ ಯಾರ ಕೋಡಿನ ತುಣುಕನ್ನು, ಅಂದರೆ ಫಂಕ್ಷನ್ನನ್ನು ಕರೆಯಬೇಕು, ಮೂಲ ಇಲ್ಲಿಂದ ಎಷ್ಟು ದೂರ, ಈ ಎರಡೂ ಸಂಗತಿ ಆ ನಕ್ಷೆಯಲ್ಲಿರುತ್ತವೆ. ಎಡ ಹುಟ್ಟುವಾಗ ಎಡದ ನಕ್ಷೆ, ಬಲ ಹುಟ್ಟುವಾಗ ಬಲದ ನಕ್ಷೆ, ಕೊನೆಗೆ ಒಟ್ಟಿನ ನಕ್ಷೆ ಎಂದು ನಾವು ಬದಲಾಯಿಸುತ್ತಿದ್ದೆವು. ಅವನು ಬದಲಾಯಿಸುವ ಗೋಜೇ ಬೇಡವೆಂದು ಮೊದಲಿನಿಂದಲೂ ಒಟ್ಟಿನ ನಕ್ಷೆಯನ್ನೇ ತೊಡಿಸಿಬಿಟ್ಟ. ಏಳು ಬಂತು! ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಮುಂದಿನ ಪರೀಕ್ಷೆ ಕೂಡಲೇ ಫೇಲಾಯಿತು. ಎಡ ಇನ್ನೂ ಹುಟ್ಟುತ್ತಿರುವಾಗಲೇ ಒಟ್ಟಿನ ಫಂಕ್ಷನ್ ಓಡಿ, ಇನ್ನೂ ಹುಟ್ಟದ ಅಂಕಿಗಳನ್ನು ಮುಟ್ಟಿ, ಕಸ ಉಗುಳಿತು.

“ಒಂದು ಸರಿ ಮಾಡಿದ್ರೆ ಇನ್ನೊಂದು ಬೀಳತ್ತಲ್ಲ ಗುರು,” ಎಂದ. ಅಷ್ಟರಲ್ಲಿ ಮಾನಿಟರಿನ ಮೇಲೆ ಹಾರ ಬಿತ್ತು.

ಅವನ ಮನೆ ಮಲ್ಲೇಶ್ವರದಲ್ಲಿ. ಅಜ್ಜನ ಕಾಲದವರೆಗೆ ಹಳ್ಳಿಯಲ್ಲಿ ಹೊಲ ಉತ್ತವರು, ಅಪ್ಪನ ಕಾಲಕ್ಕೆ ಲಾರಿ ಇಟ್ಟವರು. ಆಯುಧಪೂಜೆ ಎಂದರೆ ಅವರ ಮನೆಯಲ್ಲಿ ಮದುವೆಯ ಗದ್ದಲ. ಲಾರಿಗಳಿಗೆ ಬಾಳೆಕಂದು ಕಟ್ಟಬೇಕೆಂದು ಅವನು ಓಡಿದ. ನಾನು ಕಂಡಕಂಡವರ ಮೇಲೆ ಮನಸ್ಸಿನಲ್ಲೇ ರೇಗುತ್ತ ಚಾಮರಾಜಪೇಟೆಗೆ ನಡೆದುಕೊಂಡೇ ಬಂದೆ. ಮನೆಗೆ ಹೋಗಿ ದಪ್ಪ ಪುಸ್ತಕ ತೆರೆದು, ಹಾಳೆಯ ಮೇಲೆ ಚಿತ್ರ ಬರೆದು ಗಂಟು ಬಿಡಿಸುತ್ತೇನೆ ಎಂದು ಲೆಕ್ಕ ಹಾಕಿದ್ದೆ. ಬಾಗಿಲಲ್ಲೇ ಆ ಲೆಕ್ಕ ತಲೆಕೆಳಗಾಯಿತು. ಅಮ್ಮ ಸರಸ್ವತಿಪೂಜೆಗೆಂದು ನನ್ನ ಪುಸ್ತಕವನ್ನೂ ಪೆನ್ನನ್ನೂ ಪಟದ ಮುಂದೆ ಇಟ್ಟಾಗಿತ್ತು. ವಿಜಯದಶಮಿಯವರೆಗೆ ಓದುವ ಹಾಗಿಲ್ಲ, ಬರೆಯುವ ಹಾಗಿಲ್ಲ. ಬೇರೆ ಪೆನ್ನು ಕೇಳಿದ್ದಕ್ಕೆ, ಸರಸ್ವತಿಗೆ ಒಂದು ಪೆನ್ನು ಬೇರೆ ಇನ್ನೊಂದು ಬೇರೆಯೇ ಎಂದು ಬೈಸಿಕೊಂಡೆ. ಪುರಿ ಕಡಲೆ ಮೆಲ್ಲುತ್ತ ಗೊಂಬೆಗಳ ಮುಂದೆ ಗೋಡೆಗೊರಗಿ ಕೂತೆ.

ಆ ಸಲದ ಗೊಂಬೆಗಳ ಕತೆಯೇ ಬೇರೆ. ಬ್ಯಾಂಕಿನ ಕೆಲಸದಲ್ಲಿ ಊರೂರು ಸುತ್ತಿದ ಚಿಕ್ಕಪ್ಪನಿಗೆ ಬೆಂಗಳೂರಿಗೇ ವರ್ಗವಾಗಿ, ಅವರ ಸಂಸಾರ ನಮ್ಮ ಮನೆಗೆ ಬಂದು ಸೇರಿತ್ತು. ಅಲ್ಲಿಯವರೆಗೆ ಅಮ್ಮ ನಮ್ಮ ಹಜಾರದಲ್ಲಿ ತನ್ನ ಗೊಂಬೆ ಕೂರಿಸುತ್ತಿದ್ದಳು, ಚಿಕ್ಕಮ್ಮ ತಾವಿದ್ದ ಊರಿನಲ್ಲಿ ತಮ್ಮವನ್ನು. ಇಬ್ಬರಿಗೂ ಮದುವೆಯಲ್ಲಿ ತವರಿನಿಂದ ಬಂದ ಪಟ್ಟದ ಗೊಂಬೆಗಳ ಜೋಡಿಯಿತ್ತು. ಇಬ್ಬರೂ ತಮ್ಮ ಗೊಂಬೆಗಳ ಬಲಕ್ಕೆ ಒಂದು ಕಲಶ ಇಟ್ಟುಕೊಳ್ಳುತ್ತಿದ್ದರು. ಈಗ ಒಂದೇ ಹಜಾರ, ಒಂದೇ ಸಾಲು ಮೆಟ್ಟಿಲು. ಅಜ್ಜಿ, ಅಂದರೆ ಅಪ್ಪನ ತಾಯಿ, ಒಂದು ಮನೆಗೆ ಒಂದೇ ಕಲಶ, ಅದನ್ನು ಹಿರಿಯಳಾದ ನಾನು ಇಡುತ್ತೇನೆ, ನೀವಿಬ್ಬರೂ ನಿಮ್ಮ ನಿಮ್ಮ ಗೊಂಬೆ ಕೂರಿಸಿಕೊಳ್ಳಿ ಎಂದು ತೀರ್ಪು ಕೊಟ್ಟಿದ್ದರು. ಹಾಗಾಗಿ ಮೇಲಿನ ಮೆಟ್ಟಿಲಿನಲ್ಲಿ ಎಡಕ್ಕೆ ಅಮ್ಮನ ಜೋಡಿ, ಅದರ ಪಕ್ಕಕ್ಕೆ ಚಿಕ್ಕಮ್ಮನವು, ಬಲತುದಿಯಲ್ಲಿ ದೇವರಮನೆಯ ಬಾಗಿಲಿಗೆ ಹತ್ತಿರವಾಗಿ ಕಲಶ.

ಚಿಕ್ಕಮ್ಮನ ಸಾಲು ಶುರುವಾಗುತ್ತಿದ್ದದ್ದು ಶೆಟ್ಟರಿಂದ. ಎಲ್ಲರ ಮನೆಯಲ್ಲೂ ಅಕ್ಕಿ ಬೇಳೆ ಹರವಿಕೊಂಡು ಕೆಳಗಿನ ಮೆಟ್ಟಿಲಲ್ಲಿ ಕೂರುವ ಶೆಟ್ಟರು, ಚಿಕ್ಕಮ್ಮನ ತವರಿನ ಪದ್ಧತಿಯಲ್ಲಿ ಪಟ್ಟದ ಗೊಂಬೆಯ ಪಕ್ಕಕ್ಕೇ ಬಡ್ತಿ ಪಡೆದಿದ್ದರು. ಬೋಳುತಲೆ, ಡೊಳ್ಳುಹೊಟ್ಟೆ, ಮುಖದಲ್ಲಿ ಈಗಷ್ಟೇ ಊಟ ಮುಗಿಸಿದ ತೃಪ್ತಿ. ಅಜ್ಜಿಗೆ ಅವರು ಅಲ್ಲಿ ಕೂತದ್ದು ಅಷ್ಟಾಗಿ ಹಿಡಿಸಿರಲಿಲ್ಲ. ಆದರೂ ಬಂದ ವರ್ಷವೇ ಸೊಸೆಯ ಮನಸ್ಸು ನೋಯಿಸುವುದು ಬೇಡವೆಂದು ಸುಮ್ಮನಿದ್ದರು.

ಆ ನವರಾತ್ರಿಯಲ್ಲಿ ದಿನವೂ ಕಲಶದ ಪೂಜೆ ಅಜ್ಜಿಯದೇ. ಅಂದು ಮಾತ್ರ ಮಂಡಿನೋವು ಹೆಚ್ಚಾಗಿ, ಅರಿಶಿನ ಕುಂಕುಮ ನೀನೇ ಇಟ್ಟುಬಿಡು ಎಂದು ಅಮ್ಮನಿಗೆ ಹೇಳಿದ್ದರಂತೆ. ನಾನು ಕೂತು ಸ್ವಲ್ಪ ಹೊತ್ತಿಗೆ ಅಜ್ಜಿ ಕೋಲೂರಿಕೊಂಡು ಬಂದು, ಕನ್ನಡಕ ಸರಿಮಾಡಿಕೊಂಡು ಕಲಶ ನೋಡಿದರು. ಕಲಶದ ತೆಂಗಿನಕಾಯಿ ಒಣಗಿಕೊಂಡು ಕೂತಿತ್ತು. ಹೊಸ ಕುಂಕುಮದ ಸುಳಿವೇ ಇಲ್ಲ.

ಅಮ್ಮ ಅಡಿಗೆಮನೆಯಿಂದ ಬಂದು ಇಟ್ಟಿದ್ದೇನೆ ಎಂದಳು. ಅಜ್ಜಿ ಎಲ್ಲಿ ಎಂದರು. ಅಮ್ಮ ತನ್ನ ಉಂಗುರದ ಬೆರಳು ತೋರಿಸಿದಳು. ಬೆರಳ ತುದಿ ಇನ್ನೂ ಕೆಂಪಗಿತ್ತು. ಕಾಯಿಯ ಮೇಲೆ ಕೈ ಇಟ್ಟದ್ದು, ನುಣ್ಣಗೆ ಬೆರಳಿಗೆ ಹತ್ತಿದ್ದು ಎಲ್ಲ ನೆನಪಿದೆ ಎಂದು ಆಣೆ ಮಾಡುವಂತೆ ಹೇಳಿದಳು. ಅಮ್ಮ ಸುಳ್ಳು ಹೇಳುವವಳಲ್ಲ. ಕಲಶವೂ ಸುಳ್ಳು ಹೇಳುವುದಿಲ್ಲ. ಪುರಿ ಬಾಯಿಗೆ ಹಾಕಿಕೊಳ್ಳುತ್ತಿದ್ದ ನನ್ನ ಕೈ ಅರ್ಧದಲ್ಲೇ ನಿಂತಿತು. ಇಟ್ಟದ್ದು ನಿಜ, ಬೆರಳಿಗೆ ತಾಗಿದ್ದು ನಿಜ, ಕುಂಕುಮ ಮಾತ್ರ ಎಲ್ಲೂ ಇಲ್ಲ. ಈ ಮಾತನ್ನು ನಾನು ಬೆಳಿಗ್ಗೆಯಷ್ಟೇ ಆಫೀಸಿನಲ್ಲಿ ಕೇಳಿದ್ದೆ.

ಎದ್ದು ಮೆಟ್ಟಿಲಿನ ಹತ್ತಿರ ಹೋಗಿ, ಒಂದೊಂದೇ ಗೊಂಬೆಯ ತಲೆ ನೋಡುತ್ತ ಬಂದೆ. ಶೆಟ್ಟರ ಬೋಳುತಲೆ ಫಳಫಳ ಹೊಳೆಯುತ್ತಿತ್ತು, ಯಾರೋ ಆಗ ತಾನೇ ಒರೆಸಿದ ಹಾಗೆ. ಹಿಂದಿರುಗಿ ನೋಡಿದರೆ ಚಿಕ್ಕಮ್ಮ ಸೆರಗಿನ ತುದಿಯನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡು ನಿಂತಿದ್ದರು. ನಾನು ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ.

“ಶೆಟ್ಟರ ತಲೆ ಮೇಲೆ ಅಷ್ಟು ದೊಡ್ಡ ಕುಂಕುಮ ಇತ್ತು ಕಣೇ. ಅಕ್ಕ ಯಾಕ್ ಇಟ್ರೋ ಅಂತ ಸುಮ್ನೆ ಒರೆಸ್ಬಿಟ್ಟೆ,” ಎಂದರು ಚಿಕ್ಕಮ್ಮ. ಹಬ್ಬದ ದಿನ ಮಾತಿಗೆ ಮಾತು ಬೆಳೆಯುವುದು ಬೇಡವೆಂದು ಅವರು ಯಾರಿಗೂ ಹೇಳಿರಲಿಲ್ಲ.

ಎಲ್ಲವೂ ಬೆಳಕಾಯಿತು. ಅಮ್ಮ ಕುಂಕುಮ ಇಡುವ ಹೊತ್ತಿಗೆ ಒಲೆಯ ಮೇಲೆ ಪಾಯಸ ಉಕ್ಕುತ್ತಿತ್ತು. ಅವಳು ಮುಖ ಅಡಿಗೆಮನೆಯತ್ತ ತಿರುಗಿಸಿ, ಗ್ಯಾಸ್ ಸಣ್ಣ ಮಾಡೆಂದು ಕೂಗುತ್ತ, ಕೈಯನ್ನು ಮಾತ್ರ ಮದುವೆಯಾದಂದಿನಿಂದ ಕಲಶ ಇರುತ್ತಿದ್ದ ಜಾಗಕ್ಕೆ ಚಾಚಿದ್ದಳು. ತನ್ನ ಪಟ್ಟದ ಗೊಂಬೆಯ ಬಲಕ್ಕೆ, ಒಂದು ಗೇಣು ಆಚೆ. ಅಲ್ಲಿ ಈ ಸಲ ಶೆಟ್ಟರು. ಬೋಳುತಲೆಗೂ ತೆಂಗಿನಕಾಯಿಗೂ ಬೆರಳಿಗೆ ಏನು ವ್ಯತ್ಯಾಸ ಗೊತ್ತಾದೀತು!

ನಮ್ಮ ಎಡವೂ ಇದನ್ನೇ ಮಾಡುತ್ತಿತ್ತು. ಒಂಟಿಯಾಗಿದ್ದಾಗ ಎಡದ ಪಕ್ಕದಲ್ಲೇ ಮೂಲ ಇರುತ್ತದೆ, ಅದರ ಸ್ವಂತ ನಕ್ಷೆ ಹೇಳುವುದೂ ಅದನ್ನೇ. ಒಟ್ಟಿನೊಳಗೆ ಸೇರಿದಾಗ ಎಡದ ಪಕ್ಕಕ್ಕೆ ಬಲ ಬಂದು, ಮೂಲ ತುದಿಗೆ ಹೋಗುತ್ತದೆ. ಹುಟ್ಟುವ ಹೊತ್ತಿನಲ್ಲಿ ನಾವು ಎಡಕ್ಕೆ ಅದರ ಒಂಟಿತನದ ನಕ್ಷೆಯನ್ನೇ ತೊಡಿಸುತ್ತಿದ್ದೆವು. ಅದು ನಂಬಿಕೆಯಿಂದ ಪಕ್ಕಕ್ಕೆ ಕೈ ಚಾಚಿ ಏಳನ್ನು ಬಲದ ತಲೆಯ ಮೇಲೆ ಬರೆಯುತ್ತಿತ್ತು, ಅಲ್ಲೇ ಓದಿ ಸರಿಯಾಗಿದೆ ಎನ್ನುತ್ತಿತ್ತು. ಆಮೇಲೆ ಬಲದ ಕನ್‌ಸ್ಟ್ರಕ್ಟರ್ ಬಂದು, ಚಿಕ್ಕಮ್ಮ ಸೆರಗಿನಿಂದ ಒರೆಸಿದ ಹಾಗೆ, ತನ್ನ ಜಾಗವನ್ನು ಚೊಕ್ಕಟ ಮಾಡಿಕೊಳ್ಳುತ್ತಿತ್ತು. ಸಾಕ್ಷಿಯೇ ಇಲ್ಲ. ಮೂಲ ಒಣಗಿಕೊಂಡು ಕೂತಿರುತ್ತಿತ್ತು. ನಾನು ಹಜಾರದಲ್ಲಿ ನಿಂತು ಒಬ್ಬಳೇ ನಗಲು ಶುರುಮಾಡಿದೆ. ಚಿಕ್ಕಪ್ಪನ ಮಕ್ಕಳು ನನಗೆ ಏನಾಯಿತೆಂದು ಬಂದು ನೋಡಿದವು.

ಹಜಾರದಲ್ಲಿ ಬೇರೆ ಯಾರಿಗೂ ನಗು ಬಂದಿರಲಿಲ್ಲ. ವಿಷಯ ತಿಳಿದ ಅಜ್ಜಿ, ಈ ಗೊಂದಲವೇ ಬೇಡ, ಇಬ್ಬರೂ ಇನ್ನು ನನ್ನ ಪದ್ಧತಿಯಲ್ಲೇ ಎಲ್ಲ ಮಾಡಿ, ನಾನು ನಿಂತು ಹೇಳಿಕೊಡುತ್ತೇನೆ ಎಂದರು. ಅಮ್ಮನ ಮುಖ ಇಳಿಯಿತು. ಅವಳ ತವರಿನ ಪದ್ಧತಿ ಎಂದರೆ ಉಂಗುರದ ಬೆರಳಿನಿಂದ ಕುಂಕುಮ ಇಡುವುದು, ಆರತಿಗೆ ಅವಳ ತಾಯಿ ಹೇಳಿಕೊಟ್ಟ ಹಾಡು ಹೇಳುವುದು, ಮೊದಲ ಹೂವನ್ನು ಕಲಶಕ್ಕಲ್ಲ, ಪಟ್ಟದ ಗೊಂಬೆಗೆ ಏರಿಸುವುದು. ಅಜ್ಜಿಯ ಪದ್ಧತಿಯಲ್ಲಿ ಇದಾವುದೂ ಇಲ್ಲ. ಕುಂಕುಮ ಕಲಶಕ್ಕೆ ಸರಿಯಾಗಿ ಬೀಳುತ್ತದೆ ನಿಜ, ಆದರೆ ಪೂಜೆ ಅಮ್ಮನದಾಗಿರುವುದಿಲ್ಲ. ಅಜ್ಜಿ ಹೇಳಿದ್ದು ನನ್ನ ಸಹೋದ್ಯೋಗಿ ಬೆಳಿಗ್ಗೆ ಮಾಡಿದ್ದನ್ನೇ! ಎಡಕ್ಕೆ ಒಟ್ಟಿನ ನಕ್ಷೆಯನ್ನು ಇಡಿಯಾಗಿ ತೊಡಿಸಿದರೆ ಜಾಗ ಸರಿಹೋಗುತ್ತದೆ, ನಡೆ ತಪ್ಪುತ್ತದೆ.

ನನಗೆ ಕೋಪ ಬಂದರೆ ಬಾಯಿ ಮೊದಲು ಓಡುತ್ತದೆ, ಬುದ್ಧಿ ಹಿಂದಿನಿಂದ ಬರುತ್ತದೆ. ಅಂದು ಎರಡೂ ಒಟ್ಟಿಗೇ ಬಂದವು. “ಅಜ್ಜಿ, ಅಮ್ಮನ ಪದ್ಧತಿ ಅಮ್ಮಂದೇ ಇರ್ಲಿ. ಕಲಶ ಎಲ್ಲಿದೆ ಅನ್ನೋದಷ್ಟೇ ಈ ಮನೇದು. ಅದನ್ನ ಅವಳ ಕೈಗೆ ಸಿಗೋ ಹಾಗೆ ತೋರಿಸಿದ್ರೆ ಸಾಕಲ್ವಾ?” ಎಂದೆ. ಹೇಳುತ್ತಿರುವಾಗಲೇ ನನ್ನ ಮಾತು ನನಗೇ ಕೇಳಿಸಿತು. ಎರಡು ನಕ್ಷೆಯಲ್ಲಿ ಒಂದನ್ನು ಆರಿಸಬೇಕೆಂದು ನಾವು ಒದ್ದಾಡುತ್ತಿದ್ದೆವು. ಬೇಕಾಗಿದ್ದದ್ದು ಮೂರನೆಯದು. ಫಂಕ್ಷನ್ನುಗಳು ಎಡದವೇ, ಮೂಲಕ್ಕಿರುವ ದೂರ ಒಟ್ಟಿನದು. ಕಟ್ಟುವ ಹೊತ್ತಿಗೆ ಮಾತ್ರ ಅದನ್ನು ತೊಡಿಸಿ, ಕಟ್ಟಿ ಮುಗಿದ ಮೇಲೆ ತೆಗೆದುಬಿಡುವುದು. ಕಂಪೈಲರ್ ಅದನ್ನು ಮೊದಲೇ ತಯಾರಿಸಿ ಇಟ್ಟುಕೊಳ್ಳಬಹುದು!

ಅಜ್ಜಿ ತೋರಿಸುವುದು ಹೇಗೆ ಎಂದು ಕೇಳಿದರು. ಕೂರಿಸಿದ ಗೊಂಬೆಯನ್ನು ಕದಲಿಸುವಂತಿಲ್ಲ. ಆದರೆ ಪ್ರತಿ ವರ್ಷ ಹೊಸದೊಂದನ್ನು ಸೇರಿಸಬೇಕೆಂಬ ರೂಢಿಯಿದೆ. ಆ ಸಲದ ಹೊಸ ಗೊಂಬೆಯನ್ನು ನಾನು ಗಾಂಧಿ ಬಜಾರಿನ ಬೀದಿಯಲ್ಲಿ ಕೊಂಡಿದ್ದೆ: ಬಿಳಿ ಅಂಗಿ, ದಪ್ಪ ಮೀಸೆ, ಒಂದು ಕೈ ಪಕ್ಕಕ್ಕೆ ಚಾಚಿ ನಿಂತ ಮಣ್ಣಿನ ಟ್ರಾಫಿಕ್ ಪೋಲೀಸು. ರಾಮ ಕೃಷ್ಣರ ನಡುವೆ ಪೋಲೀಸು ಯಾಕೆಂದು ಎಲ್ಲರೂ ಹಂಗಿಸಿದ್ದರಿಂದ ಅವನು ಇನ್ನೂ ಡಬ್ಬದಲ್ಲೇ ಇದ್ದ. ಅವನನ್ನು ತಂದು ಅಮ್ಮನ ಪಟ್ಟದ ಗೊಂಬೆಗೂ ಶೆಟ್ಟರಿಗೂ ನಡುವೆ, ಚಾಚಿದ ಕೈ ಕಲಶದ ಕಡೆ ಇರುವಂತೆ ನಿಲ್ಲಿಸಿದೆ. ಅಮ್ಮ ಕಣ್ಣು ಮುಚ್ಚಿ ಕೈ ಚಾಚಿದಳು. ಬೆರಳಿಗೆ ಪೋಲೀಸಿನ ಟೋಪಿ ತಾಗಿತು. ಕಣ್ಣು ಬಿಟ್ಟಳು, ಅವನ ಕೈ ಹೋದತ್ತ ನೋಡಿದಳು, ಎರಡು ಹೆಜ್ಜೆ ಸರಿದು ಉಂಗುರದ ಬೆರಳಿನಿಂದ ಕಲಶಕ್ಕೆ ಕುಂಕುಮ ಇಟ್ಟಳು. ಅಜ್ಜಿ ತುಸು ಹೊತ್ತು ನೋಡಿ, ಇರಲಿ ಬಿಡು, ಇವನೂ ಕಲಶದ ಸೇವೆಗೆ ನಿಂತವನ ಹಾಗೇ ಕಾಣುತ್ತಾನೆ ಎಂದರು. ಅಮ್ಮನ ಮುಖ ಅರಳಿತು.

ನಾನು ಆಗಲೇ ಫೋನಿನ ಹತ್ತಿರ ಇದ್ದೆ. ಮಲ್ಲೇಶ್ವರದಲ್ಲಿ ಫೋನೆತ್ತಿದವರು ಸಹೋದ್ಯೋಗಿಯ ತಾಯಿ. ಅವನು ಲಾರಿಯ ಮೇಲಿದ್ದಾನೆ ಎಂದರು. ಇಳಿಸಿ ಕರೆಸಿ ಎಂದೆ. ಬಂದವನಿಗೆ, ಗೊಂಬೆ ನೋಡಲು ಈಗಲೇ ನಮ್ಮ ಮನೆಗೆ ಬಾ ಎಂದಷ್ಟೇ ಹೇಳಿದೆ. ಅವನು ಚೆಂಡುಹೂವಿನ ಹಾರ ಹಾಕಿದ ಸ್ಕೂಟರಿನಲ್ಲಿ, ಮೆಜೆಸ್ಟಿಕ್ಕಿನ ಹಬ್ಬದ ಜನಸಾಗರವನ್ನು ದಾಟಿ ಬಂದ. ಅಂಗೈಯೆಲ್ಲ ನಿಂಬೆಹಣ್ಣಿನ ವಾಸನೆ. ಅವರ ಮನೆಯಲ್ಲಿ ಗೊಂಬೆ ಕೂರಿಸುವ ರೂಢಿಯಿಲ್ಲ. ಹಾಗಾಗಿ ಏನು ನೋಡಬೇಕೆಂದು ತಿಳಿಯದೆ ಚಕ್ಕುಲಿ ಹಿಡಿದುಕೊಂಡು ನಿಂತ. ನಾನು ಬೆರಳು ತೋರಿಸುತ್ತ ಎಡ, ಬಲ, ಮೂಲ ಎಂದು ಹೇಳಿ, ಕುಂಕುಮದ ಕತೆ ಹೇಳಿ, ಪೋಲೀಸಿನ ಹತ್ತಿರ ಬಂದು ನಿಲ್ಲಿಸಿದೆ. ಅವನು ಚಕ್ಕುಲಿ ಅಗಿಯುವುದನ್ನೇ ಮರೆತ.

“ನಾವು ಶೆಟ್ಟರ ತಲೆ ಮೇಲೆ ಬರೀತಿದ್ವಾ ಗುರು,” ಎಂದ. ಆಮೇಲೆ ಇಬ್ಬರೂ ಒಟ್ಟಿಗೇ ಮಾತಾಡತೊಡಗಿದೆವು. ಯಾರು ಏನು ಹೇಳಿದೆವೋ ನೆನಪಿಲ್ಲ. ಅಜ್ಜಿ ಒಳಗಿನಿಂದ ಅವನ ಜಾತಕದ ಬಗ್ಗೆ ಅಮ್ಮನನ್ನು ವಿಚಾರಿಸುತ್ತಿದ್ದದ್ದು ಮಾತ್ರ ನನಗೆ ಕೇಳಿಸಿತು. ಅವನಿಗೆ ಕೇಳಿಸದಿರಲಿ ಎಂದು ಇನ್ನೂ ಗಟ್ಟಿಯಾಗಿ ಮಾತಾಡಿದೆ.

ವಿಜಯದಶಮಿಯ ದಿನ ಶುರುಮಾಡಿದ ಕೆಲಸ ಗೆಲ್ಲುತ್ತದೆ ಎನ್ನುತ್ತಾರೆ. ಬೆಳಿಗ್ಗೆ ಯಜಮಾನರು ಬಾಗಿಲು ತೆಗೆಯುವ ಮೊದಲೇ ನಾವಿಬ್ಬರೂ ಮೆಟ್ಟಿಲ ಮೇಲೆ ಕೂತಿದ್ದೆವು. ಹಾರ ತೆಗೆದು, ಕೈಮುಗಿದು, ಕೀಲಿಮಣೆಯೊಳಗೆ ಬಿದ್ದ ಅಕ್ಷತೆ ಕೊಡವಿ ಬರೆಯತೊಡಗಿದೆವು. ಮೂರನೆಯ ನಕ್ಷೆಯನ್ನು ಕಂಪೈಲರ್ ತಾನೇ ತಯಾರಿಸುವ ಹಾಗೆ ಮಾಡಿದೆವು. ಒಟ್ಟಿನ ಕನ್‌ಸ್ಟ್ರಕ್ಟರ್ ಎಡವನ್ನು ಕರೆಯುವಾಗ ಅದನ್ನೂ ಕೈಗೆ ಕೊಟ್ಟು ಕಳಿಸುವಂತೆ ಮಾಡಿದೆವು. ಮಧ್ಯಾಹ್ನದ ಹೊತ್ತಿಗೆ ಪರೀಕ್ಷೆ ಓಡಿಸಿದೆವು. ಕಟ್ಟುವಾಗ ಏಳು, ಕಟ್ಟಿ ಮುಗಿದ ಮೇಲೂ ಏಳು, ಕರೆದ ಫಂಕ್ಷನ್ ಎಡದ್ದೇ! ಸಹೋದ್ಯೋಗಿ ಮೇಜು ಗುದ್ದಿದ, ನಾನು ಕಿರುಚಿದೆ, ಕೆಳಗಿನ ಮಾಲೀಕರು ಏನಾಯಿತೆಂದು ಮೇಲೆ ಬಂದರು. ಯಜಮಾನರು ಆಗಲೇ ನಮ್ಮ ಮೇಜಿನ ಮೇಲೆ ತಂದಿಟ್ಟಿದ್ದ ಎರಡು ಸಾವಿರದ ಇಸವಿಯ ಕಡತವನ್ನು ಮಾತ್ರ ತೆಗೆಯಲಿಲ್ಲ. ನಾಳೆ ಆ ಎಂಜಿನಿಯರ್ ನೋಡಿ ಹೂಂ ಎನ್ನಲಿ ಎಂದರು.

ಸಂಜೆ ಮನೆಯಲ್ಲಿ ಕೊನೆಯ ಆರತಿ. ಗೊಂಬೆಗಳನ್ನು ಮಲಗಿಸುವಾಗ ಕೂರಿಸಿದ್ದಕ್ಕೆ ಉಲ್ಟಾ ಕ್ರಮ: ಮೊದಲು ಚಿಕ್ಕಮ್ಮನ ಪಟ್ಟದ ಗೊಂಬೆ, ಆಮೇಲೆ ಅಮ್ಮನದು, ಎಲ್ಲಕ್ಕೂ ಕೊನೆಯಲ್ಲಿ ಅಜ್ಜಿಯ ಕಲಶ. ನಾನು ಖುಷಿಯಲ್ಲಿ ತೇಲುತ್ತಿದ್ದೆ. ಕೂರಿಸುವುದೆಲ್ಲ ಮುಗಿಯಿತಲ್ಲ, ಇನ್ನು ಇವನಿಗೇನು ಕೆಲಸ ಎಂದುಕೊಂಡು ಪೋಲೀಸನ್ನು ಎತ್ತಿ ಡಬ್ಬಕ್ಕೆ ಹಾಕಹೋದೆ.

ಅಮ್ಮ ನನ್ನ ಕೈ ಹಿಡಿದಳು. “ಅವನನ್ನ ಎತ್ಬೇಡ ಇರೇ. ಮಲಗ್ಸೋಕ್ ಮುಂಚೆ ಕಲಶಕ್ಕೆ ಇನ್ನೊಂದ್ಸಲ ಕುಂಕುಮ ಇಡ್ಬೇಕು. ಇವನಿಲ್ದಿದ್ರೆ ನನ್ ಕೈ ಮತ್ತೆ ಶೆಟ್ಟರ ತಲೆಗೇ ಹೋಗತ್ತೆ.”

ಪೋಲೀಸು ನನ್ನ ಕೈಯಲ್ಲೇ ಉಳಿದ. ವಸ್ತುವನ್ನು ಕಟ್ಟಲು ಕನ್‌ಸ್ಟ್ರಕ್ಟರ್ ಇರುವಂತೆ, ಅದರ ಕೆಲಸ ಮುಗಿದ ಮೇಲೆ ಬಿಚ್ಚಲು ಡಿಸ್ಟ್ರಕ್ಟರ್ ಎಂಬುದೊಂದಿದೆ. ಬಿಚ್ಚುವುದು ಉಲ್ಟಾ ಕ್ರಮದಲ್ಲಿ: ಒಟ್ಟು, ಬಲ, ಎಡ, ಕೊನೆಗೆ ಮೂಲ. ಎಡವನ್ನು ಬಿಚ್ಚುವಾಗಲೂ ಅದು ಮೂಲದತ್ತ ಒಮ್ಮೆ ಕೈ ಚಾಚಬಹುದು. ಆಗ ಅದಕ್ಕೆ ನಾವು ಯಾವ ನಕ್ಷೆ ತೊಡಿಸಿದ್ದೆವು? ಒಂಟಿತನದ್ದೇ! ಕಟ್ಟುವುದನ್ನಷ್ಟೇ ಸರಿಮಾಡಿ ಕುಣಿದಾಡಿದ್ದೆವು. ನಾಳೆ ಬರುವವರು ಬಿಚ್ಚಿ ನೋಡಿದರೆ ನಮ್ಮ ಬಣ್ಣ ಬಯಲಾಗುವುದರಲ್ಲಿತ್ತು. ನಾನು ಪೋಲೀಸನ್ನು ಅಮ್ಮನ ಕೈಗೆ ಕೊಟ್ಟು, ಆರತಿಯ ಹಾಡಿನ ನಡುವೆಯೇ ಮಲ್ಲೇಶ್ವರಕ್ಕೆ ಫೋನು ಮಾಡಿದೆ. ಅವನು ನನ್ನ ಮಾತು ಮುಗಿಯುವ ಮೊದಲೇ ಅಯ್ಯೋ ಎಂದ.

ಮರುದಿನ ಮುಂಜಾನೆ ಹೋಗಿ ಅದೇ ಮೂರನೆಯ ನಕ್ಷೆಯನ್ನು ಡಿಸ್ಟ್ರಕ್ಟರುಗಳಿಗೂ ಕೊಟ್ಟೆವು. ಕೆಲಸ ಸಣ್ಣದು, ನಡುಕ ದೊಡ್ಡದು. ಓಡಿಸಿ ನೋಡಿ ನೀರು ಕುಡಿಯುವಷ್ಟರಲ್ಲಿ ಎಂಜಿನಿಯರ್ ಬಂದರು. ಮಾತು ಕಡಿಮೆಯ ಮನುಷ್ಯ. ಮುಗುಳ್ನಗೆಯನ್ನೂ ಅಳೆದು ಕೊಡುವವರು. ಪಟ್ಟಿಯಲ್ಲಿದ್ದ ಪರೀಕ್ಷೆಗಳನ್ನೆಲ್ಲ ಸುಮ್ಮನೆ ಓಡಿಸಿ ಮುಗಿಸಿ, ಆಮೇಲೆ ತಾವೇ ಪುಟ್ಟ ಪ್ರೋಗ್ರಾಮೊಂದನ್ನು ಬರೆದರು. ನಾಲ್ಕು ವಸ್ತು, ಮೂಲ ಒಂದೇ; ಬಿಚ್ಚುವಾಗ ಎಡ ಮೂಲಕ್ಕೆ ಒಂದು ಅಂಕಿ ಬರೆಯಬೇಕು, ಮೂಲ ಸಾಯುವ ಮೊದಲು ಅದನ್ನು ತೆರೆಯ ಮೇಲೆ ಹೇಳಬೇಕು. ಸಹೋದ್ಯೋಗಿ ಮೇಜಿನ ಕೆಳಗೆ ನನ್ನ ಕಾಲು ತುಳಿದ. ಅವರು ಗುಂಡಿ ಒತ್ತಿದರು. ಮೂಲ ತನ್ನ ಅಂಕಿಯನ್ನು ಸರಿಯಾಗಿ ಹೇಳಿ ಕಣ್ಣುಮುಚ್ಚಿತು. ಅವರು ಕುರ್ಚಿಗೆ ಒರಗಿ, ಇದು ತಪ್ಪುತ್ತದೆ ಎಂದುಕೊಂಡೇ ಬರೆದಿದ್ದೆ ಎಂದರು.

ಯಜಮಾನರು ಎದ್ದು ಬಂದು, ನಮ್ಮ ಮೇಜಿನ ಮೇಲಿನ ಎರಡು ಸಾವಿರದ ಇಸವಿಯ ಕಡತವನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡರು. ಕಂಪೈಲರ್ ನಮ್ಮದಾಗಿಯೇ ಉಳಿಯಿತು. ಅಂಥ ಸಂತೋಷವನ್ನು ನಾನು ಆಮೇಲೆ ಜೀವನದಲ್ಲಿ ಬಹಳ ಸಲ ಕಂಡಿಲ್ಲ. ಯಜಮಾನರ ಮೇಜಿನಿಂದಲೇ ಮನೆಗೆ ಫೋನು ಮಾಡಿದೆ. ಅಮ್ಮನೇ ಎತ್ತಿದಳು. ಆಯಿತಮ್ಮ ಎಂದೆ.

ಅಮ್ಮ ಅಲ್ಲಿಂದಲೇ ಅಜ್ಜಿಗೆ ಕೂಗಿ ಸುದ್ದಿ ಹೇಳಿದಳು. ಆಮೇಲೆ, “ಎಲ್ಲ ಗೊಂಬೆ ಕಟ್ಟಿಟ್ಟೆ. ನಿನ್ ಕೆಲ್ಸ ಮುಗಿಯೋವರ್ಗೂ ಬೇಕಾಗ್ಬಹುದು ಅಂತ ಪೋಲೀಸಪ್ಪನ್ನ ಮಾತ್ರ ಹೊರಗೇ ನಿಲ್ಸಿದೀನಿ. ಈಗ ಒಳಗೆ ಹಾಕ್ಲಾ?” ಎಂದು ಕೇಳಿದಳು.

ಈಗ ಹಾಕಮ್ಮ ಎಂದೆ.